ಮೊದಲ ದಿನವೇ ಎಲ್ಲಾ ಹೇಳಬೇಕಿಲ್ಲ

ಕೌನ್ಸೆಲಿಂಗ್‌ಗೆ ಹೋಗಬೇಕು ಅಂತಿರುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಲ್ಲಿ ಹೋದ ತಕ್ಷಣ ನಡೆದದ್ದೆಲ್ಲಾ ಹೇಳಲೇಬೇಕಾ?" ಅಪಘಾತದಲ್ಲಿ ಬದುಕಿ ಉಳಿದವರು, ಗಂಡನ ಹೊಡೆತ ತಡೆಯಲಾರದೆ ಮನೆ ಬಿಟ್ಟವರು, ಚಿಕ್ಕಂದಿನಲ್ಲಿ ನೆಂಟರಿಂದಲೇ ಹಿಂಸೆ ಅನುಭವಿಸಿದವರು, ಎಲ್ಲರ ಭಯವೂ ಇದೇ. ಹೆತ್ತ ತಾಯಿಗೂ ಹೇಳದ ಮಾತನ್ನು ಗುರುತಿಲ್ಲದವರ ಮುಂದೆ ಹೇಗೆ ಹೇಳುವುದು ಅಂತ, ಅಪಾಯಿಂಟ್‌ಮೆಂಟ್ ತೆಗೆದುಕೊಂಡ ಮೇಲೂ ಹೋಗದೆ ಉಳಿದವರಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೇಳಬೇಕಿಲ್ಲ. ಟ್ರಾಮಾ, ಅಂದರೆ ಇಂಥ ಘಟನೆಗಳು ಮನಸ್ಸಿಗೆ ಮಾಡುವ ಆಳದ ಗಾಯದ ಬಗ್ಗೆ ಚೆನ್ನಾಗಿ ಕಲಿತ ಥೆರಪಿಸ್ಟ್ ಮೊದಲ ದಿನವೇ ನಿಮ್ಮಿಂದ ಎಲ್ಲವನ್ನೂ ಹೊರಗೆ ಎಳೆಯಲು ನೋಡುವುದಿಲ್ಲ.

ರಸ್ತೆ ಅಪಘಾತವಾದ ಮೇಲೆ ನಾನು ಥೆರಪಿಗೆ ಹೋದಾಗ, ಶುರುವಿನ ಸೆಷನ್‌ಗಳಲ್ಲಿ ಅಪಘಾತದ ಮಾತು ಬಂದದ್ದೇ ಕಡಿಮೆ. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮನೆಯಲ್ಲಿ ಯಾರಿದ್ದಾರೆ, ಯಾವ ಮಾತ್ರೆ ನುಂಗುತ್ತಿದ್ದೀರಿ, ಕುಡಿತ ಇದೆಯಾ, ಇಂಥವೇ ಪ್ರಶ್ನೆಗಳು. ಸಾಯಬೇಕು ಅನ್ನಿಸಿದೆಯಾ ಅಂತಲೂ ನೇರವಾಗಿ ಕೇಳುತ್ತಾರೆ. ಗಾಬರಿಯಾಗಬೇಡಿ. ಕೇಳಿದ್ದರಿಂದ ಆ ಯೋಚನೆ ತಲೆಗೆ ಬರುವುದಿಲ್ಲ. ಮೊದಲೇ ಬಂದಿದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಆಮೇಲಿನ ಕೆಲವು ವಾರ ನೆಲೆ ಗಟ್ಟಿ ಮಾಡುವ ಕೆಲಸ. ಹಾರ್ನ್ ಕೇಳಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಎಂದೋ ಮುಗಿದ ಅಪಾಯ ಈಗಲೂ ಎದುರಿಗಿದೆ ಅಂತ ಮೈ ನಂಬಿರುತ್ತದೆ. ಅದನ್ನು ಈ ಹೊತ್ತಿಗೆ ಕರೆತರುವುದನ್ನು ಕಲಿಸುತ್ತಾರೆ. ಪಾದವನ್ನು ನೆಲಕ್ಕೆ ಒತ್ತುವುದು, ಉಸಿರನ್ನು ನಿಧಾನವಾಗಿ ಬಿಡುವುದು, ಕೋಣೆಯಲ್ಲಿ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುವುದು. ಇದಕ್ಕೆ ಇಷ್ಟು ದುಡ್ಡು ಕೊಡಬೇಕಾ ಅಂತ ಕೇಳಿದವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಹಿಡಿತ ಸಿಗದೆ ಹಳೆಯ ನೆನಪಿಗೆ ಕೈ ಹಾಕಿದರೆ, ಅದರಲ್ಲೇ ಮುಳುಗಿಹೋಗುವ ಅಪಾಯವಿದೆ.

ನೆನಪಿನ ಜೊತೆ ನೇರವಾಗಿ ಕೆಲಸ ಮಾಡುವುದು ಅದಾದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ, ಅಂದರೆ ಇಂಥ ಘಟನೆಯ ನಂತರ ಬಿಡದೆ ಕಾಡುವ ಮಾನಸಿಕ ತೊಂದರೆಗೆ, ಮುಖ್ಯವಾಗಿ ಎರಡು ಬಗೆಯ ಥೆರಪಿಯನ್ನು ಹೇಳಿದೆ. ಒಂದು, ಟ್ರಾಮಾಕ್ಕೆಂದೇ ಹೊಂದಿಸಿದ ಸಿಬಿಟಿ, ಅಂದರೆ ಯೋಚನೆ, ನಡವಳಿಕೆಗಳನ್ನು ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ. ನಡೆದದ್ದರ ಬಗ್ಗೆ ನಾವು ಕಟ್ಟಿಕೊಂಡ ನಂಬಿಕೆಗಳನ್ನು ಅಲ್ಲಿ ಬಿಡಿಸಿ ನೋಡುತ್ತಾರೆ. "ತಪ್ಪು ನನ್ನದೇ" ಅನ್ನುವುದು ಅವುಗಳಲ್ಲಿ ಅತ್ಯಂತ ಹಟಮಾರಿ. ಭಯದಿಂದ ದೂರ ಇಟ್ಟ ಜಾಗಗಳಿಗೆ, ಕೆಲಸಗಳಿಗೆ ಸ್ವಲ್ಪ ಸ್ವಲ್ಪವೇ ಮರಳುವುದೂ ಅದರಲ್ಲಿ ಬರುತ್ತದೆ. ಇನ್ನೊಂದು ಇಎಂಡಿಆರ್. ಫ್ರಾನ್ಸಿನ್ ಶಾಪಿರೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1987ರ ಹೊತ್ತಿಗೆ ಶುರು ಮಾಡಿದ್ದು. ನೆನಪನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಥೆರಪಿಸ್ಟ್ ಆಡಿಸುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ನಡೆದದ್ದನ್ನು ವಿವರವಾಗಿ ಬಾಯಿಬಿಟ್ಟು ಹೇಳಲಾಗದವರಿಗೆ ಇದು ಎಷ್ಟೋ ಹಗುರ.

ಎಷ್ಟು ದಿನ ಬೇಕು? ಒಂದೇ ಒಂದು ಘಟನೆಯ ಪೆಟ್ಟಾದರೆ, ಇಂಥ ಕೆಲವು ಪದ್ಧತಿಗಳು ಸಾಮಾನ್ಯವಾಗಿ 8ರಿಂದ 15 ಸೆಷನ್‌ಗಳಲ್ಲಿ ನಡೆಯುತ್ತವೆ. ಬಾಲ್ಯದಲ್ಲಿ ವರ್ಷಗಟ್ಟಲೆ ಅನುಭವಿಸಿದ್ದಾದರೆ ಹೆಚ್ಚು ಕಾಲ ಬೇಕಾಗಬಹುದು. ಪಕ್ಕದ ಮನೆಯವರಿಗೆ ಮೂರು ತಿಂಗಳಲ್ಲಿ ಗುಣವಾಯಿತು ಅಂತ ನಿಮ್ಮನ್ನು ಅಳೆದುಕೊಳ್ಳಬೇಡಿ.

ಒಂದು ವಿಷಯವನ್ನು ಮುಂಚೆಯೇ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಥೆರಪಿ ಬಿಡುವುದು ಇಲ್ಲೇ. ನೆನಪಿನ ಕೆಲಸ ಶುರುವಾದಾಗ ಕೆಲವು ದಿನ ಜಾಸ್ತಿಯೇ ಕಷ್ಟ ಆಗಬಹುದು. ಸೆಷನ್ ಮುಗಿಸಿ ಬಂದರೆ ಸುಸ್ತು. ಕೆಟ್ಟ ಕನಸು ಹೆಚ್ಚಾಗಬಹುದು. ಕಾರಣವೇ ಇಲ್ಲದೆ ಸಿಟ್ಟು ಬರಬಹುದು. ಹಾಗಾಗಿ ಸೆಷನ್ ಇರುವ ದಿನ ಸಾಧ್ಯವಾದರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಆದರೆ ವಾರಗಟ್ಟಲೆ ಕುಸಿಯುತ್ತಲೇ ಹೋದರೆ, ಏಳುವುದು, ಉಣ್ಣುವುದು, ಕೆಲಸಕ್ಕೆ ಹೋಗುವುದೂ ಆಗದಿದ್ದರೆ, ಸುಮ್ನೆ ಸಹಿಸಿಕೊಂಡು ಕೂರಬೇಡಿ. "ಇದು ಜೋರಾಯಿತು, ನಿಧಾನ ಮಾಡೋಣ" ಅಂತ ಹೇಳಿ. ಆ ಮಾತಿಗೆ ಬೆಲೆ ಕೊಡದವರ ಹತ್ತಿರ ಮುಂದುವರಿಯಬೇಕಾಗಿಲ್ಲ. ಥೆರಪಿಸ್ಟ್ ಬದಲಾಯಿಸುವುದು ದ್ರೋಹವಲ್ಲ.

ನಮ್ಮಲ್ಲಿ ಡಾಕ್ಟರನ್ನು ಪ್ರಶ್ನೆ ಕೇಳುವ ಅಭ್ಯಾಸ ಕಡಿಮೆ. ಇಲ್ಲಿ ಕೇಳಲೇಬೇಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಮಾಡಿಸಿರುತ್ತಾರೆ. ಕೌನ್ಸೆಲರ್ ಅಂತ ಬೋರ್ಡು ಹಾಕಿದವರ ತರಬೇತಿ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಎಲ್ಲಿ ಓದಿದಿರಿ, ಟ್ರಾಮಾಕ್ಕೆ ಏನು ತರಬೇತಿ ಇದೆ, ಕನ್ನಡದಲ್ಲಿ ಮಾತಾಡಬಹುದಾ ಅಂತ ಮೊದಲ ಫೋನಿನಲ್ಲೇ ಕೇಳಿ. ಕನ್ನಡದ ಪ್ರಶ್ನೆ ಸಣ್ಣದಲ್ಲ. ಆಫೀಸಿನಲ್ಲಿ ಇಂಗ್ಲಿಷ್ ಚೆನ್ನಾಗಿ ಆಡುವವರಿಗೂ ಏಳನೇ ವಯಸ್ಸಿನ ಭಯ ಹೇಳಿಕೊಳ್ಳಲು ಆ ವಯಸ್ಸಿನ ಭಾಷೆಯೇ ಬೇಕಾಗುತ್ತದೆ.

ಗುಟ್ಟು ಉಳಿಯುತ್ತದಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ನಿಮ್ಮ ಹಕ್ಕು ಅಂತಲೇ ಹೇಳುತ್ತದೆ. ಅದಕ್ಕೆ ಮಿತಿಗಳೂ ಇವೆ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಹೊರಗೆ ಹೇಳಬೇಕಾಗಬಹುದು. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ, ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಇದನ್ನೆಲ್ಲಾ ಥೆರಪಿಸ್ಟ್ ಆರಂಭದಲ್ಲೇ ವಿವರಿಸಬೇಕು. ವಿವರಿಸದಿದ್ದರೆ ನೀವೇ ಕೇಳಿ.

ನಮ್ಮ ಮನೆಗಳಲ್ಲಿ ಗುಟ್ಟು ಒಡೆಯುವುದು ಹೆಚ್ಚಾಗಿ ಬೇರೆ ದಾರಿಯಲ್ಲಿ. ಅತ್ತೆಯೋ ಅಣ್ಣನೋ ಜೊತೆಗೆ ಬರುತ್ತಾರೆ, ಒಳಗೂ ಬಂದು ಕೂರುತ್ತಾರೆ, ಕೇಳಿದ ಪ್ರಶ್ನೆಗೆ ನಮ್ಮ ಬದಲು ಅವರೇ ಉತ್ತರ ಕೊಡುತ್ತಾರೆ. ಹೊರಗೆ ಬಂದ ಮೇಲೆ "ಒಳಗೆ ಏನು ಹೇಳಿದೆ?" ಅಂತ ವಿಚಾರಣೆ. ಪ್ರೀತಿಯಿಂದಲೇ ಮಾಡಿದರೂ ಇದು ಥೆರಪಿಯನ್ನು ಕೊಲ್ಲುತ್ತದೆ. ಜೊತೆಗೆ ಹೋಗುವವರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ. ಬಾಗಿಲವರೆಗೆ ಹೋಗಿ. ಹೊರಗೆ ಕಾಯಿರಿ. ಬಂದ ಮೇಲೆ ಕಾಫಿ ಕುಡಿಸಿ, ಏನನ್ನೂ ಕೇಳಬೇಡಿ. "ಅದನ್ನೆಲ್ಲಾ ಮರೆತುಬಿಡು" ಅಂತಂತೂ ಹೇಳಲೇಬೇಡಿ. ಮರೆಯಲು ಆಗಿದ್ದರೆ ಅವರು ಅಲ್ಲಿಗೆ ಬರುತ್ತಲೇ ಇರಲಿಲ್ಲ, ಅಲ್ವಾ?

ಇನ್ನು ದುಡ್ಡಿನ ವಿಷಯ. ಖಾಸಗಿ ಥೆರಪಿ ದುಬಾರಿ, ಅದರಲ್ಲೂ ಬೆಂಗಳೂರಿನಲ್ಲಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳು. ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ. ಆದರೆ ಅಲ್ಲಿ ಹೊರಗಿನ ಸಾಲು ಉದ್ದ, ಒಳಗಿನ ಸಮಯ ಚಿಕ್ಕದು. ಮಾತ್ರೆ ಬರೆಯಲು ಹತ್ತು ನಿಮಿಷ ಸಾಕಾಗಬಹುದು, ಟ್ರಾಮಾ ಥೆರಪಿಗೆ ಸಾಕಾಗುವುದಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಒಬ್ಬರ ಜೊತೆ ಕೂತು ಕೇಳುವ, ತರಬೇತಿ ಪಡೆದ ಜನ ಪ್ರತಿ ಜಿಲ್ಲೆಯಲ್ಲೂ ಬೇಕು. ಇದನ್ನು ರಸ್ತೆ, ನೀರು ಕೇಳಿದಷ್ಟೇ ಗಟ್ಟಿಯಾಗಿ ನಾವು ಕೇಳಬೇಕು.

ಅಲ್ಲಿಯವರೆಗೆ, ಎಲ್ಲಿಗೆ ಹೋಗಬೇಕು ಅಂತಲೇ ತೋಚದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಇದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪೂರ್ತಿ ಥೆರಪಿ ಅಲ್ಲಿ ಸಿಗುವುದಿಲ್ಲ. ಮುಂದೆ ಯಾರನ್ನು ನೋಡಬೇಕು ಅನ್ನುವುದನ್ನು ಅವರು ಹೇಳುತ್ತಾರೆ.