ಕ್ರಿಸ್‌ಮಸ್ ಮರ ಬೈಬಲ್‌ಗೆ ವಿರುದ್ಧವೇ?

ಅರೇಬಿಕಾ ಕಾಫಿ ಕೊಯ್ಲಿನ ಗಡಿಬಿಡಿಯ ಡಿಸೆಂಬರ್‌ನಲ್ಲೂ ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಸುತ್ತುತ್ತಿರುತ್ತದೆ: ಕ್ರಿಸ್‌ಮಸ್ ಮರ ಇಡಬೇಡಿ, ಬೈಬಲ್‌ನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 10ನೇ ಅಧ್ಯಾಯ ಅದನ್ನು ನಿಷೇಧಿಸಿದೆ ಅಂತ.

ಇದು ಸರಿಯಲ್ಲ. ಕಾಡಿನ ಮರ ಕಡಿಯುವುದು, ಬೆಳ್ಳಿ ಬಂಗಾರದಿಂದ ಸಿಂಗರಿಸುವುದು, ಅಲುಗಾಡದ ಹಾಗೆ ಮೊಳೆ ಹೊಡೆಯುವುದು ಎಲ್ಲ ಅಲ್ಲಿರುವುದು ನಿಜ. ಓದಿದ ಕೂಡಲೇ ಕ್ರಿಸ್‌ಮಸ್ ಮರವೇ ನೆನಪಾಗುತ್ತದೆ, ನಂಬಿದವರನ್ನು ದೂರುವಂತಿಲ್ಲ. ಆದರೆ ಮೆಸೇಜ್ 4ನೇ ವಚನಕ್ಕೇ ನಿಂತುಬಿಡುತ್ತದೆ. 5ನೇ ವಚನ ಓದಿ: ಅವು ಮಾತಾಡಲಾರವು, ನಡೆಯಲಾರವು, ಹೊತ್ತುಕೊಂಡೇ ಹೋಗಬೇಕು ಅಂತಿದೆ. ಅಂದರೆ ಮಾತು ಆ ಕಾಲದಲ್ಲಿ ಪೂಜೆಗೆಂದು ಕೆತ್ತುತ್ತಿದ್ದ ಮರದ ಮೂರ್ತಿಗಳದ್ದು. ತೋಟದಿಂದ ತಂದು ಬಕೆಟ್‌ನಲ್ಲಿ ನಿಲ್ಲಿಸಿದ ಸಿಲ್ವರ್ ಓಕ್ ಕೊಂಬೆಗೆ ಯಾರೂ ಉಳಿ ಹಿಡಿಯಲ್ಲ, ಅಲ್ವಾ?

ಕಾಲವೂ ಹೊಂದುವುದಿಲ್ಲ. ಯೆರೆಮೀಯ ಇದ್ದದ್ದು ಯೇಸು ಹುಟ್ಟುವುದಕ್ಕೆ ಸುಮಾರು 600 ವರ್ಷ ಮೊದಲು. ಸಿಂಗರಿಸಿದ ಮರ ಹಬ್ಬದ ಮನೆಗೆ ಬಂದದ್ದು 16ನೇ ಶತಮಾನದ ಹೊತ್ತಿಗೆ, ಜರ್ಮನ್ ಮಾತಾಡುವ ಊರುಗಳಲ್ಲಿ. ಯೇಸು ಹುಟ್ಟಿದ ದೃಶ್ಯ ತೋರಿಸುವ ಗೋದಲಿ ಅದಕ್ಕಿಂತ ಹಳೆಯದು: ಸಂತ ಅಸ್ಸಿಸಿಯ ಫ್ರಾನ್ಸಿಸ್ 1223ರಲ್ಲೇ ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ಆ ರಾತ್ರಿಯನ್ನು ತೋರಿಸಿದ್ದರು.

ವಚನದ ಸಂಖ್ಯೆ ಹಾಕಿದ ಮೆಸೇಜ್ ಬಂದರೆ ಸುಮ್ನೆ ಫಾರ್ವರ್ಡ್ ಮಾಡುವ ಮೊದಲು ಆ ಅಧ್ಯಾಯ ಪೂರ್ತಿ ಓದಿ. ಕನ್ನಡ ಬೈಬಲ್ ಮೊಬೈಲ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಯಾರು, ಯಾವಾಗ, ಯಾರಿಗೆ ಹೇಳಿದ್ದು ಅಂತ ನೋಡಿದರೆ ಜಾಸ್ತಿ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಹಾಗಂತ ಮರ ಇಡಲೇಬೇಕು ಅಂತಲೂ ಬೈಬಲ್ ಹೇಳಿಲ್ಲ. ಬೇಡ ಅನ್ನಿಸಿದವರು ಗೋದಲಿ ಮಾತ್ರ ಕಟ್ಟಬಹುದು. ಮಗುವನ್ನು ದನಗಳ ಮೇವಿನ ತೊಟ್ಟಿಯಲ್ಲಿ ಮಲಗಿಸಿದ ಕಥೆ ಬೈಬಲ್‌ನ ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿದೆ.