ಕಿಂಗ್ಸ್ ಚಾಪೆಲ್ಲಿನ ಹುಡುಗರು, ನಮ್ಮ ಮಕ್ಕಳ ಹಾಡು

"ಅಲ್ವೋ, ಕೇಳೋಕೆ ನಮ್ಮ ಸಂಗೀತ ಸಾಲದಾಯ್ತಾ ನಿಂಗೆ? ಚರ್ಚಿಗೆ ಹೋಗಿ ಕೂರ್ತೀಯಂತೆ!" ಅಂದಳು ಅಕ್ಕ, ಸಾಗರದಿಂದ ಫೋನ್ ಮಾಡಿ. ಅವಳಿಗೆ ಯಾರು ಹೇಳಿದರೋ ಏನೋ. ಮಾತು ಚುಚ್ಚಿತು. ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರವೂ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ. ಇಲ್ಲಿನ ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ, ಅಂದರೆ ಕಾಲೇಜಿನದೇ ಚರ್ಚಿನಲ್ಲಿ, ಟರ್ಮ್ ನಡೆಯುವಾಗ ಸಂಜೆ ಐದೂವರೆಗೆ ಈವನ್‌ಸಾಂಗ್ ಪ್ರಾರ್ಥನೆ ಇರುತ್ತದೆ. ದುಡ್ಡು ಕೊಡಬೇಕಿಲ್ಲ. ನೀನು ಯಾವ ಧರ್ಮದವನು ಅಂತ ಯಾರೂ ಕೇಳುವುದಿಲ್ಲ. ಕೆಲಸ ಮುಗಿಸಿ ಸಾಲಿನಲ್ಲಿ ನಿಂತರೆ ಒಳಗೆ ಬಿಡುತ್ತಾರೆ. ಮುಂದಿನ ಸಾಲಿನಲ್ಲಿ 16 ಹುಡುಗರು, ಅವರ ಹಿಂದೆ ಕಾಲೇಜಿನಲ್ಲಿ ಓದುವ 14 ಯುವಕರು. ಹುಡುಗರ ವಯಸ್ಸು ಸುಮಾರು 8ರಿಂದ 13. ದೊರೆ ಆರನೇ ಹೆನ್ರಿ 1441ರಲ್ಲಿ ಈ ಕಾಲೇಜು ಕಟ್ಟಿಸಿದ. ಪ್ರಾರ್ಥನೆಗೆ 16 ಹುಡುಗರು ಹಾಡಬೇಕು ಅಂತ ಕಟ್ಟಳೆ ಬರೆಸಿದವನೂ ಅವನೇ. 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ದೇಶದ ಚರ್ಚುಗಳಲ್ಲೆಲ್ಲ ಇಂಥ ಹಾಡು ನಿಂತುಹೋಗಿತ್ತು. 1660ರಲ್ಲಿ ರಾಜ ಮರಳಿದ ಮೇಲೆ ಮತ್ತೆ ಶುರುವಾಯಿತು. ಇವತ್ತಿಗೂ 16 ಅಂದರೆ 16.

ನನ್ನನ್ನು ಹಿಡಿದು ಕೂರಿಸಿದ್ದು ಅಲ್ಲಿನ ದೊಡ್ಡ ರಚನೆಗಳಲ್ಲ, ಬೈಬಲಿನ ಕೀರ್ತನೆಗಳು. ಅವರ ಹಳೆಯ ಪ್ರಾರ್ಥನಾ ಪುಸ್ತಕ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ ಹಂಚಿಟ್ಟಿದೆ, ಬೆಳಗ್ಗೆ ಇಷ್ಟು, ಸಂಜೆ ಇಷ್ಟು ಅಂತ. 15ನೇ ತಾರೀಖು ಸಂಜೆಯ ಪಾಲಿಗೆ 78ನೇ ಕೀರ್ತನೆ. ಅದರಲ್ಲಿ 73 ಚರಣ. ಪೂರ್ತಿ ಹಾಡಿದರೆ ಸುಮಾರು ಕಾಲು ಗಂಟೆ ಹಿಡಿಯುತ್ತದೆ. ಇದಕ್ಕೆ ತಾಳ ಇಲ್ಲ. ಒಂದು ಪುಟ್ಟ ಧಾಟಿ ಇರುತ್ತದೆ, ಅಷ್ಟೆ. ಸಾಲಿನ ಹೆಚ್ಚಿನ ಪದಗಳು ಒಂದೇ ಸ್ವರದ ಮೇಲೆ ಮಾತಿನ ಹಾಗೆ ಓಡಿಹೋಗುತ್ತವೆ. ಕೊನೆಗೆ ಬಂದಾಗ ಧಾಟಿ ತಿರುಗುತ್ತದೆ. ಒಂದು ಚರಣ ಮೋಟು, ಇನ್ನೊಂದು ಉದ್ದ. ಎಲ್ಲಿ ಒತ್ತಬೇಕು, ಎಲ್ಲಿ ಉಸಿರು ಬಿಡಬೇಕು ಅನ್ನುವುದನ್ನು ಅರ್ಥವೇ ಹೇಳಬೇಕು. ತಂಡ ಎರಡು ಪಾಲಾಗಿ ಎದುರುಬದುರು ನಿಂತಿರುತ್ತದೆ. ಒಂದು ಚರಣ ಈ ಪಕ್ಕದವರದ್ದು, ಮುಂದಿನದು ಎದುರು ಪಕ್ಕದವರದ್ದು. ಸಾಲಿನ ಕೊನೆಯಲ್ಲಿ 'ಸ್' ಅಂತ ಬಂದರೆ ಒಂದೇ 'ಸ್' ಕೇಳಿಸುತ್ತದೆ. ಹಿಂದೆ ಉಳಿದ ಇನ್ನೊಂದು 'ಸ್' ಇರುವುದಿಲ್ಲ. ಒಂಬತ್ತು ವರ್ಷದವನೂ ಇಪ್ಪತ್ತೊಂದು ವರ್ಷದವನೂ ಒಂದೇ ಹೊತ್ತಿಗೆ ಉಸಿರು ತೆಗೆದುಕೊಳ್ಳುತ್ತಾರೆ. ಕಲ್ಲಿನ ಚಾವಣಿ ಆ ಸದ್ದನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ. ಹಾಗಾಗಿ ಎದುರು ಪಕ್ಕದವರು ಎಲ್ಲಿ ಶುರು ಮಾಡಬೇಕು ಅನ್ನುವುದು ಕಟ್ಟಡಕ್ಕೂ ಕಿವಿಗೊಟ್ಟು ಗೊತ್ತು ಮಾಡುವ ಲೆಕ್ಕ.

ಹುಡುಗರ ದನಿಯಲ್ಲಿ ಕಂಪನ ಇರುವುದೇ ಇಲ್ಲ ಅನ್ನಬಹುದು. ನೇರ, ತಿಳಿ. ಅವರ ಕೆಳಗಿನ ಆಲ್ಟೊ ಭಾಗವನ್ನು ಹಾಡುವವರು ಬೆಳೆದ ಗಂಡಸರು. ನಮ್ಮ ಭಾಗವತರು ಏರು ಶ್ರುತಿಯಲ್ಲಿ ಎದೆ ತುಂಬಿ ಹಾಡುತ್ತಾರಲ್ಲ, ಇದು ಹಾಗಲ್ಲ. ಗಂಡಸು ತೆಳ್ಳಗೆ ಮೇಲಕ್ಕೆ ಏರಿಸುವ, ನಮ್ಮ ಸಂಗೀತದವರು ಕಳ್ಳ ಶಾರೀರ ಅಂತ ದೂರ ಇಡುವ ದನಿ ಇದೆಯಲ್ಲ, ಅದನ್ನೇ ತಿದ್ದಿ ತೀಡಿ ಇಟ್ಟುಕೊಂಡಿದ್ದಾರೆ. ಹುಡುಗರ ದನಿಗೂ ಗಂಡಸರ ಟೆನರ್ ದನಿಗೂ ನಡುವೆ ಅದು ಸೇತುವೆಯಾಗಿ ನಿಲ್ಲುತ್ತದೆ. ಹರ್ಬರ್ಟ್ ಹೋವೆಲ್ಸ್ ಅನ್ನುವ ಸಂಗೀತ ರಚನಕಾರರು 1945ರಲ್ಲಿ ಇದೇ ಚಾಪೆಲ್ಲಿಗಾಗಿ ಸಂಜೆಯ ಎರಡು ಸ್ತುತಿಗಳಿಗೆ ಸಂಗೀತ ಬರೆದರು. ಅದರಲ್ಲಿ ಮೊದಲನೆಯದಾದ, ಯೇಸುವಿನ ತಾಯಿ ಮರಿಯಳ ಸ್ತುತಿ ಬರೀ ಹುಡುಗರ ದನಿಯಲ್ಲಿ, ಮೆಲ್ಲಗೆ ಶುರುವಾಗುತ್ತದೆ. ಗಂಡಸರು ಕಾಯುತ್ತಾರೆ. ಹಳೆಯ ಕಾಲದ ರಚನಕಾರ ಒರ್ಲ್ಯಾಂಡೊ ಗಿಬ್ಬನ್ಸ್‌ನ ರಚನೆಯನ್ನು ಹಾಡುವ ದಿನ ನನಗೆ ಇನ್ನೂ ಖುಷಿ. 1596ರಲ್ಲಿ ಅವನೂ ಇದೇ ತಂಡದಲ್ಲಿ ಹಾಡುವ ಹುಡುಗನಾಗಿ ಸೇರಿದ್ದವನು.

ಹಾಡು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಸೋಲೋ ಹಾಡಿದ ಹುಡುಗ ಯಾರು ಅಂತ ನಾನು ನೋಡಿದ ಹಾಳೆಗಳಲ್ಲಿ ಅಚ್ಚಾಗಿರಲಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಇಲ್ಲಿ ನಡೆಯುವ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಪ್ರಾರ್ಥನೆ 1918ರಲ್ಲಿ ಶುರುವಾದದ್ದು. 1928ರಿಂದ ರೇಡಿಯೊದಲ್ಲಿ ಬರುತ್ತಿದೆ, ಲೋಕವೆಲ್ಲ ಕೇಳುತ್ತದೆ. ಅದು ಒಬ್ಬ ಹುಡುಗನ ಒಂಟಿ ದನಿಯಿಂದ ಆರಂಭ. ಸ್ಟೀಫನ್ ಕ್ಲಿಯೊಬರಿ ಈ ತಂಡದ ನಿರ್ದೇಶಕರಾಗಿದ್ದಾಗ ಹಲವು ಹುಡುಗರನ್ನು ತಯಾರು ಮಾಡಿ ಇಟ್ಟುಕೊಂಡು, ಪ್ರಸಾರ ಶುರುವಾಗುವ ಗಳಿಗೆಯಲ್ಲಿ ಒಬ್ಬನತ್ತ ಸನ್ನೆ ಮಾಡುತ್ತಿದ್ದರು. ಮೊದಲೇ ಹೇಳಿದರೆ ಮಗು ಹೆದರುತ್ತದೆ ಅಲ್ವಾ, ಅದಕ್ಕೆ.

ಈಗ ನಮ್ಮ ಕಡೆ ಬರೋಣ. ಅಕ್ಕ ಕಳಿಸುವ ವಿಡಿಯೊಗಳಲ್ಲಿ ಮಕ್ಕಳು ಹಾಡುತ್ತಾರೆ. ಚೆನ್ನಾಗಿಯೇ ಹಾಡುತ್ತಾರೆ. ಆದರೆ ಕರೋಕೆ ಟ್ರ್ಯಾಕ್ ಹಾಕಿ, ಮಿಂಚುವ ಅಂಗಿ ತೊಡಿಸಿ, ಒಂದು ಚರಣ ಮುಗಿಯುವಷ್ಟರಲ್ಲಿ ನಿರೂಪಕರು "ಜೋರಾಗಿ ಚಪ್ಪಾಳೆ ಬರ್ಲಿ" ಅಂತ ಮೈಕ್ ಹಿಡಿಯುತ್ತಾರೆ. ಟೀವಿಯಲ್ಲಾದರೆ ತೀರ್ಪುಗಾರರು ಅಳುತ್ತಾರೆ, ಅಮ್ಮ ಅಳುತ್ತಾಳೆ, ಕೊನೆಗೆ ಮಗುವೂ ಅಳುತ್ತದೆ. ಮರುದಿನ ಬೆಳಗ್ಗೆ ಆ ಮಗು ಯಾರ ಜೊತೆ ಹಾಡುತ್ತದೆ? ಪಕ್ಕದಲ್ಲಿರುವವನ ದನಿಯನ್ನು ಕೇಳಿ ತನ್ನ ದನಿಯನ್ನು ತಗ್ಗಿಸುವುದನ್ನು ಅದಕ್ಕೆ ಯಾರು ಕಲಿಸುತ್ತಾರೆ? ಇಲ್ಲಿ ಹತ್ತು ವರ್ಷದ ಹುಡುಗನಿಗೆ ದೊಡ್ಡವರ ಕೆಲಸ ಕೊಟ್ಟಿದ್ದಾರೆ. ಶಾಲೆಗೆ ಮುಂಚೆ ಅಭ್ಯಾಸ, ಸಂಜೆ ಪ್ರಾರ್ಥನೆಗೆ ಮುಂಚೆ ಮತ್ತೆ ಅಭ್ಯಾಸ. ಮಕ್ಕಳಿಗೆ ಅಂತ ಸುಲಭ ಮಾಡಿದ ಹಾಡು ಇಲ್ಲ. ಬರ್ಡ್, ಟ್ಯಾಲಿಸ್‌ರಂಥ ಹಳೆಯ ರಚನಕಾರರು ಬರೆದದ್ದನ್ನು ಹಾಗೆಯೇ ಹಾಡಬೇಕು. ನನಗೆ ಹೊಟ್ಟೆಕಿಚ್ಚಾಗುವುದು ಇದಕ್ಕೆ.

ನಾಡಗೀತೆಯನ್ನೇ ತೆಗೆದುಕೊಳ್ಳಿ. ಯಾವ ಧಾಟಿ, ಎಷ್ಟು ಹೊತ್ತು ಅಂತ ವರ್ಷಗಟ್ಟಲೆ ಜಗಳ ಆಡಿದೆವು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಗೊತ್ತು ಮಾಡಿತು. ಒಳ್ಳೆಯದೇ. ಆದರೆ ಬೆಳಗ್ಗೆ ಶಾಲೆಯಲ್ಲಿ 200 ಮಕ್ಕಳು ಅದನ್ನು ಹಾಡುವಾಗ 20 ಶ್ರುತಿ ಕೇಳಿಸುತ್ತದೆ. ಇಲ್ಲಿ ರಾಜ್ಯೋತ್ಸವಕ್ಕೆ ಸೇರುವ ನಾವೂ ಹಾಗೆಯೇ ಹಾಡುತ್ತೇವೆ. ಒಂದು ಶ್ರುತಿಪೆಟ್ಟಿಗೆ, ವಾರಕ್ಕೆ ಎರಡು ಅವಧಿ, ಹಾಡಲು ಬರುವ ಒಬ್ಬರು ಮೇಷ್ಟ್ರು. ಇಷ್ಟು ಸಾಕು. ಮೈಕ್ ಬೇಡವೇ ಬೇಡ.

ಅಕ್ಕನ ಮಾತು ಪೂರ್ತಿ ಸುಳ್ಳಲ್ಲ. ಈ ಹುಡುಗರು ಎಂಟನೇ ವಯಸ್ಸಿಗೇ ಮನೆ ಬಿಟ್ಟು ಹಾಸ್ಟೆಲ್ ಸೇರುತ್ತಾರೆ. ಮಳೆಯಲ್ಲಿ ಛತ್ರಿ ಹಿಡಿದು, ಉದ್ದ ಟೋಪಿ ಹಾಕಿಕೊಂಡು ಸಾಲಾಗಿ ಚಾಪೆಲ್ಲಿಗೆ ನಡೆದು ಬರುವುದನ್ನು ಕಂಡರೆ ಪಾಪ ಅನಿಸುತ್ತದೆ. ಕ್ರಿಸ್‌ಮಸ್ ಹಿಂದಿನ ದಿನ ಎಲ್ಲ ಮಕ್ಕಳೂ ಮನೆಯಲ್ಲಿ ಇರುವಾಗ ಇವರು ಕೆಲಸದಲ್ಲಿ ಇರುತ್ತಾರೆ. ಯಕ್ಷಗಾನದ ಮೇಳಗಳಲ್ಲೂ ನಮ್ಮ ಹುಡುಗರು ಬಾಲಗೋಪಾಲ ವೇಷ ಕಟ್ಟಿಕೊಂಡು ದೊಡ್ಡವರ ಪಕ್ಕದಲ್ಲೇ ಕಲಿತವರು. ಹಾಗಾಗಿ ದೊಡ್ಡವರ ಕೆಲಸವನ್ನು ಮಕ್ಕಳಿಗೆ ಕೊಡುವುದು ನಮಗೆ ಗೊತ್ತೇ ಇರಲಿಲ್ಲ ಅನ್ನಲಾರೆ.

ಇನ್ನು ಹುಡುಗಿಯರು. ಶತಮಾನಗಟ್ಟಲೆ ಇವರಿಗೆ ಈ ಸಾಲುಗಳಲ್ಲಿ ಜಾಗವೇ ಇರಲಿಲ್ಲ. ಸಾಲ್ಸ್‌ಬರಿ ಕೆಥೀಡ್ರಲ್ 1991ರಲ್ಲಿ ಹುಡುಗಿಯರಿಗೇ ಒಂದು ತಂಡ ಕಟ್ಟಿತು. ಕೇಂಬ್ರಿಡ್ಜಿನಲ್ಲೇ ಇರುವ ಸೇಂಟ್ ಜಾನ್ಸ್ ಕಾಲೇಜು 2022ರಲ್ಲಿ ಹುಡುಗಿಯರಿಗೂ ಹೆಂಗಸರಿಗೂ ಬಾಗಿಲು ತೆರೆಯಿತು. ಕಿಂಗ್ಸ್‌ನ ಆ 16 ಜಾಗ ಇನ್ನೂ ಹುಡುಗರದ್ದೇ. ಗಂಡುದನಿಯ ಬಣ್ಣವೇ ಬೇರೆ ಅಂತ ವಾದಿಸುವವರಿದ್ದಾರೆ. ಸೇಂಟ್ ಜಾನ್ಸ್‌ಗೆ ಹೋಗಿ ಕೇಳಿದ ಮೇಲೆ ಆ ವಾದ ನನಗೆ ಒಪ್ಪಿಗೆಯಾಗಲಿಲ್ಲ.

ಇನ್ನೊಂದು ಮಾತೂ ಹೇಳಬೇಕು. ಈ ಹುಡುಗರು ಹಾಳೆಯಲ್ಲಿ ಇರುವುದನ್ನು ಬಿಟ್ಟು ಒಂದು ಸ್ವರವನ್ನೂ ಆಚೀಚೆ ಮಾಡುವಂತಿಲ್ಲ. ನಮ್ಮೂರ ಸಂಗೀತದ ಮೇಷ್ಟ್ರು ಹನ್ನೆರಡು ವರ್ಷದ ಹುಡುಗಿಗೆ "ಕಲ್ಯಾಣಿಯಲ್ಲಿ ನಾಲ್ಕು ಆವರ್ತ ಸ್ವರ ಹಾಕು ನೋಡೋಣ" ಅಂದರೆ ಅವಳು ತೊಡೆ ತಟ್ಟಿಕೊಂಡು ಆ ಗಳಿಗೆಗೆ ಹೊಳೆದ ಸ್ವರಗಳನ್ನು ಹಾಕುತ್ತಾಳೆ. ತಪ್ಪಿದರೆ ಮತ್ತೆ ಹಾಕುತ್ತಾಳೆ. ಇಲ್ಲಿ ಆ ಸ್ವಾತಂತ್ರ್ಯ ಸ್ವಲ್ಪ ಇರುವುದು ಆರ್ಗನ್ ನುಡಿಸುವವರಿಗೆ. ಪ್ರಾರ್ಥನೆ ಶುರುವಾಗುವ ಮುಂಚೆ ಅವರು ಮನಸ್ಸಿಗೆ ಬಂದದ್ದನ್ನು ನುಡಿಸಬಹುದು. ಹುಡುಗರಿಗೆ ಅಷ್ಟೂ ಇಲ್ಲ.