ಅರ್ಧ ಬೊಮ್ಮಾಯಿ

ಸಂವಿಧಾನ ದಿನ ಹತ್ತಿರ ಬಂತೆಂದರೆ ನನ್ನ ಅಂಗಡಿಗೆ ಭಾಷಣಗಳ ಸೀಸನ್. ವಕೀಲಿಯ ಕರಿಕೋಟು ಬಿಚ್ಚಿಟ್ಟು ಹುಬ್ಬಳ್ಳಿಯ ಹಳೇ ಕೋರ್ಟ್ ಸರ್ಕಲ್ ಹತ್ತಿರ ಝೆರಾಕ್ಸ್ ಅಂಗಡಿ ಹಾಕಿದ ಕತೆ ನಿಮಗೆಲ್ಲಾ ಗೊತ್ತೇ ಇದೆ, ಮತ್ತೆ ಕೊರೆಯುವುದಿಲ್ಲ. ಬೆಳಿಗ್ಗೆ ಒಬ್ಬರು ಪೆನ್‌ಡ್ರೈವ್ ತಂದರು. ಜುಬ್ಬಾ, ಹೆಗಲಿಗೆ ಚೀಲ, ಪ್ರಗತಿಪರರು. ಮಧ್ಯಾಹ್ನ ಇನ್ನೊಬ್ಬರು ವಾಟ್ಸ್ಯಾಪಿಗೆ ಫೈಲ್ ಹಾಕಿ ಬಂದು ನಿಂತರು. ಹಣೆಗೆ ಕುಂಕುಮ, ಮೊಬೈಲಿಗೆ ಕೇಸರಿ ಕವರ್. ಇಬ್ಬರ ಭಾಷಣದಲ್ಲೂ ನಮ್ಮ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಸ್, ಕೇಂದ್ರ ಯಾವಾಗ ರಾಜ್ಯ ಸರ್ಕಾರವನ್ನು ಕಿತ್ತುಹಾಕಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ ಕೇಸ್. ಇಬ್ಬರದರಲ್ಲೂ ಅರ್ಧರ್ಧ. ಪ್ರಿಂಟ್ ಹೊಡೆಯುವವನು ಓದಬಾರದು, ಗೊತ್ತು. ಆದರೆ ಆ ಹೆಸರು ಕಂಡರೆ ನನ್ನ ಕಣ್ಣು ಮುಂದೆ ಹೋಗುವುದಿಲ್ಲ.

ಮೊದಲನೆಯವರ ಪ್ರಕಾರ ಬೊಮ್ಮಾಯಿಯವರು ಜಾತ್ಯತೀತತೆ ಉಳಿಸಲು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲ ಸ್ವಾಮಿ, ಕುರ್ಚಿ ಕಸಿದುಕೊಂಡರು ಅಂತ ಹೋದರು! ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕ, ರಾಮಕೃಷ್ಣ ಹೆಗಡೆಯವರ ನಂತರ 1988ರಲ್ಲಿ ಮುಖ್ಯಮಂತ್ರಿ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರ ಕೈಗೆ ಹೋದವು. ಅದರಲ್ಲಿ 7 ಜನ ಅದರ ಬೆನ್ನಲ್ಲೇ ತಿರುಗಿ, ನಾವು ಬೊಮ್ಮಾಯಿಯವರ ಜೊತೆಗೇ ಇದ್ದೇವೆ ಅಂದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಇವರು ಕೇಳಿಕೊಂಡರೂ ರಾಜ್ಯಪಾಲ ವೆಂಕಟಸುಬ್ಬಯ್ಯ ಕಿವಿಗೆ ಹಾಕಿಕೊಳ್ಳಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ. ಇದರಲ್ಲಿ ದೇವರು ಎಲ್ಲಿದ್ದಾನೆ, ಧರ್ಮ ಎಲ್ಲಿದೆ? ಆಗ ದೆಹಲಿಯಲ್ಲಿ ಇದ್ದದ್ದು ರಾಜೀವ್ ಗಾಂಧಿ ಸರ್ಕಾರ. ಈ ಸಾಲು ಮಾತ್ರ ಜುಬ್ಬಾದವರ ಭಾಷಣದಲ್ಲಿ ಇರಲಿಲ್ಲ.

ಎರಡನೆಯವರ ಭಾಷಣದಲ್ಲಿ ಅದೇ ಸಾಲು ದಪ್ಪ ಅಕ್ಷರದಲ್ಲಿ ಇತ್ತು. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿ, ಕಾಂಗ್ರೆಸ್ಸಿನ ಸರ್ವಾಧಿಕಾರ, ಎಲ್ಲಾ ಬಂತು. ಆದರೆ ಕೇಸು ಕೋರ್ಟಿನಲ್ಲಿ ಕೊಳೆಯುತ್ತಿರುವಾಗಲೇ 1992ರ ಡಿಸೆಂಬರ್ 6 ಬಂತು, ಅಯೋಧ್ಯೆಯಲ್ಲಿ ಮಸೀದಿ ಬಿತ್ತು, ನರಸಿಂಹರಾವ್ ಸರ್ಕಾರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದ ಬಿಜೆಪಿ ಸರ್ಕಾರಗಳನ್ನು ಕಿತ್ತುಹಾಕಿತು, ಆ ತಕರಾರುಗಳೂ ಇದೇ ಕೇಸಿಗೆ ಸೇರಿಕೊಂಡವು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ಬೊಮ್ಮಾಯಿ ಸರ್ಕಾರ ಕಿತ್ತಿದ್ದು ತಪ್ಪು. ಜೊತೆಗೇ, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ (ತಿದ್ದುಪಡಿಯಿಂದಲೂ ಕೆಡಿಸಲಾಗದ ತಿರುಳಿನ) ಭಾಗ, ಅದಕ್ಕೆ ವಿರುದ್ಧ ನಡೆದ ರಾಜ್ಯ ಸರ್ಕಾರವನ್ನು ತೆಗೆಯಬಹುದು, ಆ ಮೂರು ರಾಜ್ಯದಲ್ಲಿ ತೆಗೆದದ್ದು ಸರಿ. ಈ ಎರಡನೇ ಅರ್ಧ ಕುಂಕುಮದವರ ಭಾಷಣದಲ್ಲಿ ಆವಿಯಾಗಿತ್ತು. ಅದರ ಜಾಗದಲ್ಲಿ ಮಾಮೂಲಿ ಮಾತು: ಸೆಕ್ಯುಲರ್ ಅನ್ನೋದು ತುರ್ತು ಪರಿಸ್ಥಿತಿಯಲ್ಲಿ ಕಳ್ಳತನದಿಂದ ತುರುಕಿದ್ದು.

ಹೌದು, ಆ ಪದ ಸಂವಿಧಾನದ ಪೀಠಿಕೆಗೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಯಾರು ಇಲ್ಲ ಅಂದರು? ಆದರೆ ಧಾರ್ಮಿಕ ಸ್ವಾತಂತ್ರ್ಯದ 25ರಿಂದ 28ರವರೆಗಿನ ವಿಧಿಗಳು 1950ರಿಂದಲೇ ಅಲ್ಲಿವೆಯಲ್ಲಾ. ಯಾವುದೇ ಒಂದು ಧರ್ಮ ಬೆಳೆಸುವುದಕ್ಕೆ ನಿನ್ನಿಂದ ತೆರಿಗೆ ಕೀಳುವಂತಿಲ್ಲ, ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಇಂದಿರಾ ಸೋತ ಮೇಲೆ ಬಂದ ಜನತಾ ಸರ್ಕಾರ, ವಾಜಪೇಯಿ ಅಡ್ವಾಣಿ ಇಬ್ಬರೂ ಮಂತ್ರಿಗಳಾಗಿದ್ದ ಸರ್ಕಾರ, ತುರ್ತು ಪರಿಸ್ಥಿತಿಯ ಎಷ್ಟೋ ಕಸ ಗುಡಿಸಿತು, ಇದನ್ನು ತೆಗೆಯಲಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತೆಗೆಯಿರಿ ಎಂಬ ಅರ್ಜಿಗಳನ್ನು ವಜಾ ಮಾಡಿ ಕಳಿಸಿತು. ಮುಗಿಯಿತಲ್ಲಾ?

ಮುಗಿಯಲಿಲ್ಲ. ಮೆತ್ತಗೆ ಕೇಳಿದೆ, "ಸರ, ಇನ್ನರ್ಧನೂ ಹಾಕ್ರಲಾ?" "ಐದ್ ನಿಮಿಷದ ಭಾಷಣ ಐತ್ರಿ ಅಣ್ಣಾರ, ಅಷ್ಟೆಲ್ಲಾ ಯಾರ್ ಕೇಳ್ತಾರ" ಅಂದರು. ಯಾರು ಅಂದರು ಎಂದು ಹೇಳುವುದಿಲ್ಲ. ಬೆಳಿಗ್ಗೆ ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ವಕೀಲಿ ನನಗೆ ಹತ್ತಲಿಲ್ಲ. ಆದರೆ ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ "ಬೊಮ್ಮಾಯಿ ಪ್ರಕರಣ" ಅನ್ನುತ್ತಾರಲ್ಲ, ಆಗ ಇವ ನಮ್ಮೂರಿನವ ಎಂದು ನನ್ನ ಎದೆ ಸುಮ್ನೆ ಉಬ್ಬುತ್ತದೆ. 2018ರ ಮೇ ತಿಂಗಳಲ್ಲಿ ಇದೇ ಕಾಂಗ್ರೆಸ್ ಯಡಿಯೂರಪ್ಪನವರ ಪ್ರಮಾಣವಚನ ತಡೆಯಿರಿ ಎಂದು ಮಧ್ಯರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ ಕೈಯಲ್ಲಿ ಹಿಡಿದಿದ್ದೂ ಈ ತೀರ್ಪನ್ನೇ. ತಾನೇ ಮನೆಗೆ ಕಳಿಸಿದ ಮನುಷ್ಯನ ಹೆಸರು! ನಗು ಬಂದಿತ್ತು, ನಿಜ.

ನಮ್ಮ ಗೆಳೆಯರು ಕೆಲವರು ಹೇಳುತ್ತಾರೆ, ಇದು ಶರೀಫರ ನಾಡು, ಸಿದ್ಧಾರೂಢರ ಊರು, ನಮಗೆ ಕೋರ್ಟು ಕಲಿಸಬೇಕಾ ಅಂತ. ನಾನೂ ಮಠಕ್ಕೆ ಹೋಗುವವನೇ, ಅಂಗಡಿಯಲ್ಲಿ ಸಿದ್ಧಾರೂಢ ಅಜ್ಜನ ಫೋಟೋಗೆ ಊದುಬತ್ತಿ ಹಚ್ಚದೆ ಮಷಿನ್ ಆನ್ ಮಾಡುವುದಿಲ್ಲ. ಆದರೆ ಗೋವಿಂದ ಭಟ್ಟರು ಶರೀಫರನ್ನು ಮಡಿಲಿಗೆ ಹಾಕಿಕೊಂಡದ್ದು ಇಬ್ಬರು ಮನುಷ್ಯರ ನಡುವಿನ ಮಾತು. ಸರ್ಕಾರ ಯಾರಿಗೆ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಬೇರೆ ಮಾತು. ಶರೀಫರ ಹೆಸರು ಹೇಳಿ ಈ ಎರಡನೆಯದನ್ನು ಮುಚ್ಚಿಹಾಕುವ ಭಾಷಣಗಳಿಗೂ ನಾನೇ ಪ್ರಿಂಟ್ ಹೊಡೆಯುತ್ತೇನೆ, ಬೇಜಾರು ಅದು.

ಹುಬ್ಬಳ್ಳಿಯವರಿಗೆ 1994 ಅಂದರೆ ಮಾರ್ಚ್ ತೀರ್ಪು ನೆನಪಾಗುವುದಿಲ್ಲ, ಆಗಸ್ಟ್ 15ರ ಗೋಲಿಬಾರು ನೆನಪಾಗುತ್ತದೆ. ನಮ್ಮೂರಿನವರ ಹೆಸರಿನ ತೀರ್ಪು ಬಂದು ಐದು ತಿಂಗಳಾಗಿತ್ತು. ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ಗಲಾಟೆಯಲ್ಲಿ ಜನ ಸತ್ತರು. ಆ ಮೇಲೂ ನಾವು ಅರ್ಧರ್ಧ ಓದುವುದು ಬಿಟ್ಟಿಲ್ಲ. 2022ರ ಆಗಸ್ಟ್ 30ನ್ನು ನೆನಪು ಮಾಡಿಕೊಳ್ಳಿ. ಸಂಜೆ ಸುಪ್ರೀಂ ಕೋರ್ಟ್ ಬೆಂಗಳೂರಿನ ಚಾಮರಾಜಪೇಟೆ ಈದ್ಗಾ ಮೈದಾನ ಇದ್ದ ಹಾಗೇ ಇರಲಿ, ಗಣೇಶ ಕೂರಿಸುವುದು ಬೇಡ ಎಂದಿತು. ರಾತ್ರಿ ಧಾರವಾಡದ ಹೈಕೋರ್ಟ್ ಪೀಠ ನಮ್ಮ ಈದ್ಗಾ ಮೈದಾನದಲ್ಲಿ ಕೂರಿಸಬಹುದು ಎಂದಿತು. ಅಲ್ಲಿ ಜಾಗ ಯಾರದು ಎಂಬುದೇ ಜಗಳ, ಇಲ್ಲಿ ಜಾಗ ಪಾಲಿಕೆಯದು ಎಂದು ಮೊದಲೇ ತೀರ್ಮಾನವಾಗಿತ್ತು, ಅದಕ್ಕೇ ಎರಡು ಆದೇಶ. ಅವತ್ತು ಒಂದು ಗುಂಪಿನವರ ಫೇಸ್‌ಬುಕ್ ಗೋಡೆಯಲ್ಲಿ ಬೆಂಗಳೂರಿನ ಆದೇಶ ಮಾತ್ರ, ಇನ್ನೊಂದು ಗುಂಪಿನವರ ಗೋಡೆಯಲ್ಲಿ ಹುಬ್ಬಳ್ಳಿಯದು ಮಾತ್ರ. ಎರಡನ್ನೂ ಹಂಚಿಕೊಂಡವರು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಒಬ್ಬರಾದರೂ ಇದ್ದರೆ ಕೆಳಗೆ ಬರೆಯಿರಿ, ನೋಡೋಣ.